ತಾಯಿಯ ಹೆಸರು ಹವ್ವಾ

ತಾಯಿತ ಬರೆಯುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಕಣ್ಣು ಮಂಜಾಗಿ, ಚೌಕದ ಮನೆಯೊಳಗೆ ಕೂರಬೇಕಾದ ಅಂಕಿ ಗೆರೆ ದಾಟಿ ಪಕ್ಕದ ಮನೆಗೆ ಹೋಗತೊಡಗಿದಾಗ ಕೈ ತೊಳೆದುಕೊಂಡೆ. ಆದರೂ ತಿಂಗಳಿಗೆ ಒಬ್ಬಿಬ್ಬರು ಬಂದೇ ಬರುತ್ತಾರೆ. ತಾಯಿತ ಕೇಳುವುದಕ್ಕಲ್ಲ, ವಿದ್ಯೆ ಕಲಿಯುವುದಕ್ಕೆ. ಓದಿದವರು, ಪ್ಯಾಂಟು ಹಾಕಿದವರು. ಎಲ್ಲರದೂ ಒಂದೇ ಪ್ರಶ್ನೆ: ಈ ವಿದ್ಯೆಗಳಲ್ಲಿ ಯಾವ ದಾರಿ ಹಿಡಿಯಬೇಕು, ಅದಕ್ಕೆ ಏನೇನು ಓದಿಕೊಳ್ಳಬೇಕು? ನಾನು ಗಂಭೀರವಾಗಿ ಮುಖ ಮಾಡಿಕೊಂಡು ಚಹಾ ಕುಡಿಸಿ ಕಳಿಸುತ್ತೇನೆ. ಯಾಕೆಂದರೆ ಉತ್ತರ ನನಗೂ ಗೊತ್ತಿಲ್ಲ. ಅರವತ್ತು ವರ್ಷ ಇದೇ ಕಸುಬಿನಲ್ಲಿ ಉಂಡವನು ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಮುದುಕ ಗುಟ್ಟು ಬಿಡುತ್ತಿಲ್ಲ ಎಂದು ಗೊಣಗುತ್ತಾ ಹೋಗುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನನಗೆ ಶಾಲು ಹೊದಿಸಿದವರ ಕಥೆ, ಮೋಟಾರು ಕಳಿಸಿ ಕರೆಸಿಕೊಂಡವರ ಕಥೆ ಇಲ್ಲಿ ಬೇಡ. ಅವು ಆದದ್ದು ಆಮೇಲೆ. ನಾನು ಕಲಿತದ್ದೆಲ್ಲ, ತಪ್ಪಿದ್ದೆಲ್ಲ ಮೊದಲ ಮೂರು ವರ್ಷಗಳಲ್ಲಿ. ಉಳಿದ ಕಾಲವೆಲ್ಲ ಆ ಮೂರು ವರ್ಷದಲ್ಲಿ ಏನಾಯಿತೆಂದು ಯೋಚಿಸುವುದರಲ್ಲೇ ಹೋಯಿತು.

ನಾನು ಹುಮನಾಬಾದಿನವ, ಹೆಸರು ಈರಣ್ಣ. ಅಪ್ಪ ಒಬ್ಬ ಸೇಠರ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ. 1947ರಲ್ಲಿ ನನಗೆ ಹತ್ತೊಂಬತ್ತು. ನಿಜಾಮರ ರಾಜ್ಯವಾದ್ದರಿಂದ ನಾವು ಓದಿದ್ದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. ಕನಸು ಯಾವ ಭಾಷೆಯಲ್ಲಿ ಬೀಳುತ್ತಿತ್ತೋ ನೆನಪಿಲ್ಲ. ಅಪ್ಪನಿಗೆ ನಾನು ತಹಶೀಲು ಕಚೇರಿಯಲ್ಲಿ ಗುಮಾಸ್ತನಾಗಬೇಕೆಂಬ ಆಸೆ. ಆ ನೌಕರಿಗೆ ಕಾಯುತ್ತಾ ಕೂತವನು, ಹೊತ್ತು ಹೋಗಲೆಂದು ನಮ್ಮ ಓಣಿಯಲ್ಲಿ ಪಂಚಾಂಗ ಹೇಳುವ ಅಯ್ಯನವರ ಕಟ್ಟೆಗೆ ಹೋಗತೊಡಗಿದೆ. ನನ್ನನ್ನು ಈ ಕಸುಬಿಗೆ ಯಾವ ದೇವರೂ ಕನಸಿನಲ್ಲಿ ಬಂದು ಕರೆಯಲಿಲ್ಲ. ಕೆಲಸವಿರಲಿಲ್ಲ, ಹೋದೆ. ಹಾಗೆಂದರೆ ಈಗಿನವರಿಗೆ ಬೇಜಾರಾಗುತ್ತದೆ.

ಅಯ್ಯನವರು ತಿಥಿ, ವಾರ, ನಕ್ಷತ್ರ ಕಲಿಸಿದರು. ಕಷ್ಟವಿದ್ದದ್ದು ನಕ್ಷತ್ರದಲ್ಲಲ್ಲ, ತಿಂಗಳುಗಳಲ್ಲಿ. ಕಚೇರಿಯಲ್ಲಿ ಬರೆಸಿದವರು ಸರಕಾರದ ಫಸಲಿ ತಿಂಗಳು ಹೇಳುತ್ತಿದ್ದರು, ಮುಸಲ್ಮಾನರು ಮೊಹರಂನಿಂದ ಎಣಿಸುತ್ತಿದ್ದರು, ನಮ್ಮ ಹೆಂಗಸರು ‘ದೀಪಾವಳಿ ಆಗಿ ಎರಡನೇ ಸೋಮವಾರ, ಎಮ್ಮಿ ಈದ ಮರುದಿನ’ ಎನ್ನುತ್ತಿದ್ದರು. ಇವನ್ನೆಲ್ಲ ಒಂದಕ್ಕೊಂದು ಕೂಡಿಸಿ ಜಾತಕ ಹಾಕಬೇಕು. ದುಬಲಗುಂಡಿಯಿಂದ ಒಂದು ಹೆಣ್ಣಿನ ಜಾತಕಕ್ಕೆ ಬಂದರು. ಅಯ್ಯನವರು ಊಟಕ್ಕೆ ಎದ್ದಿದ್ದರು. ನಾನು ಫಸಲಿ ತಿಂಗಳನ್ನು ಚಾಂದ್ರಮಾನಕ್ಕೆ ತಿರುಗಿಸಿ, ತಲೆಯೆತ್ತಿ, ಹೆಣ್ಣಿನ ಜನ್ಮದಿನವನ್ನು ಗಟ್ಟಿಯಾಗಿ ಓದಿದೆ. ಅದು ಅವಳ ತಾಯಿಯ ಮದುವೆಗಿಂತ ನಾಲ್ಕು ತಿಂಗಳು ಹಿಂದಿತ್ತು. ಹೆಣ್ಣಿನ ಸೋದರಮಾವ ಕಟ್ಟೆಯ ಕೆಳಗೆ ಬಿಟ್ಟಿದ್ದ ಚಪ್ಪಲಿಯನ್ನು ಕೈಗೆ ತೆಗೆದುಕೊಂಡ. ಅಯ್ಯನವರು ಎಂಜಲುಗೈಯಲ್ಲೇ ಓಡಿಬಂದು ನನ್ನನ್ನು ಉಳಿಸಿದರು.

“ಈರಣ್ಣ, ನಿನಗ ಕೂಡಿಸೋದು ಬರ್ತದ, ಕಳಿಯೋದು ಬರ್ತದ. ಭಾಗಾಕಾರಕ್ಕ ಬಂದ್ರ ನಿನ್ನ ಕೈ ನಿನ್ನ ಮಾತು ಕೇಳಂಗಿಲ್ಲ. ಈ ದಾರಿ ಬಿಡಪಾ,” ಎಂದರು ಅಯ್ಯನವರು.

ಬಿಟ್ಟೆ. ಬಿಟ್ಟು ಹಿಡಿದದ್ದು ಇದಕ್ಕಿಂತ ಹೆಚ್ಚು ಭಾಗಾಕಾರ ಬೇಡುವ ದಾರಿ. ನನ್ನ ಬುದ್ಧಿ ಆಗ ಇದ್ದದ್ದೇ ಅಷ್ಟು.

ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು, ನಮ್ಮ ಬಾಯಲ್ಲಿ ಬರೀ ಕಲ್ಯಾಣ. ಅಲ್ಲಿ ಕೋಟೆಯ ಹಿಂದಿನ ಓಣಿಯಲ್ಲಿ ದಸ್ತಗೀರ ಸಾಹೇಬರೆಂಬ ಹಿರಿಯರು ತಾಯಿತ ಬರೆಯುತ್ತಿದ್ದರು. ಜೊತೆಗೆ ಸಣ್ಣಪುಟ್ಟ ಔಷಧ. ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಅವರು ಒಮ್ಮೆ ಹುಮನಾಬಾದಿನ ಸಂತೆಗೆ ಬಂದಾಗ ಒಂದು ಕಾಗದದ ಮೇಲೆ ಹದಿನಾರು ಮನೆಯ ಚೌಕ ಬರೆದು, ಒಂದು ಅಂಕಿಯನ್ನೂ ಒರೆಸದೆ ತುಂಬಿದ್ದನ್ನು ನೋಡಿದೆ. ಅಡ್ಡ ಕೂಡಿಸಿದರೂ, ಉದ್ದ ಕೂಡಿಸಿದರೂ, ಮೂಲೆಯಿಂದ ಮೂಲೆಗೆ ಕೂಡಿಸಿದರೂ ಒಂದೇ ಮೊತ್ತ. ನನಗೆ ಮೈ ಜುಮ್ಮೆಂದಿತು. ಮರುವಾರವೇ ಹೋಗಿ ಅವರ ಮುಂದೆ ಕೂತೆ.

“ಉರ್ದು ಬರ್ತದ?” ಎಂದರು.

“ಬರ್ತದ್ರಿ.”

“ಪ್ರಶ್ನೆ ಭಾಳ ಕೇಳ್ತಿ ಏನು?”

“ಇಲ್ರಿ.”

“ಹಂಗಾರ ಕಲಿಯೋದು ತಡ ಆಗ್ತದ. ಇರು,” ಎಂದರು.

ಈ ವಿದ್ಯೆಯ ಹೂರಣವನ್ನು ಒಂದೇ ಸಲ ಹೇಳಿಬಿಡುತ್ತೇನೆ. ಉರ್ದುವಿನ ಪ್ರತಿ ಅಕ್ಷರಕ್ಕೂ ಅಂಕಿಯಲ್ಲಿ ಒಂದು ಬೆಲೆ ಇದೆ. ರೋಗಿಯ ಹೆಸರಿನ ಬೆಲೆಗೆ ಅವನ ತಾಯಿಯ ಹೆಸರಿನ ಬೆಲೆ ಕೂಡಿಸಬೇಕು. ತಂದೆಯ ಹೆಸರು ಬೇಡ. ಯಾಕೆ ಎಂದು ಕೇಳಿದಾಗ ಉಸ್ತಾದರು ಗಡ್ಡದೊಳಗೇ ನಕ್ಕರು. ಆ ಮೊತ್ತ ಬರುವಂತೆ ಚೌಕ ತುಂಬಬೇಕು. ಅದೇ ಮೊತ್ತವನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವ ಶೇಷ ಬೆಂಕಿ, ಗಾಳಿ, ನೀರು, ಮಣ್ಣು ಈ ನಾಲ್ಕರಲ್ಲಿ ಒಂದನ್ನು ತೋರಿಸುತ್ತದೆ. ಬೆಂಕಿ ಬಂದವರ ಕಾಗದವನ್ನು ಸುಡಬೇಕು, ಗಾಳಿಯವರದನ್ನು ಕೊರಳಿಗೋ ತೊಲೆಗೋ ತೂಗುಹಾಕಬೇಕು, ನೀರಿನವರದನ್ನು ತೊಳೆದು ಕುಡಿಸಬೇಕು, ಮಣ್ಣಿನವರದನ್ನು ಹೂಳಬೇಕು. ಕುಡಿಸುವ ಕಾಗದವನ್ನು ಗುಲಾಬಿ ನೀರಿನಲ್ಲಿ ಅರೆದ ಕೇಸರಿಯಿಂದ ಬರೆಯುತ್ತಿದ್ದೆವು. ಉಳಿದ ಮೂರಕ್ಕೂ ಅಳಲೆಕಾಯಿ ಕುದಿಸಿದ ಕಷಾಯದಲ್ಲಿ ದೀಪದ ಕಾಡಿಗೆ ಕಲಸಿದ ಮಸಿ. ಮೊದಲ ಆರು ತಿಂಗಳು ನಾನು ಬರೀ ಅಳಲೆಕಾಯಿ ಕುದಿಸಿದೆ. ಆ ಕಹಿ ಉಗುರಿನ ಸಂದಿಗೆ ಹೋದರೆ ಎರಡು ದಿನ ಊಟದ ರುಚಿ ಹೋಗುತ್ತಿತ್ತು.

ಆದರೆ ಅವರು ಇದಕ್ಕಿಂತ ಹೆಚ್ಚು ಕಲಿಸಿದ್ದು ಕೇಳುವುದನ್ನು. ಬಂದವರಿಗೆ ಎರಡು ಪ್ರಶ್ನೆ ಕೇಳದೆ ಅವರು ಲೇಖನಿ ಎತ್ತುತ್ತಿರಲಿಲ್ಲ. ತೊಂದರೆ ಯಾವ ದಿನ ಸುರುವಾಯಿತು? ಅದರ ಹಿಂದಿನ ದಿನ ಏನಾಗಿತ್ತು? ಎರಡನೆಯ ಪ್ರಶ್ನೆಗೆ ಜನ ಸಾಮಾನ್ಯವಾಗಿ ‘ಏನಿಲ್ರಿ’ ಎನ್ನುತ್ತಾರೆ. ಉಸ್ತಾದರು ಚಹಾ ತರಿಸುತ್ತಿದ್ದರು. ಅರ್ಧ ಕಪ್ಪು ಇಳಿಯುವ ಹೊತ್ತಿಗೆ ‘ಏನಿಲ್ರಿ’ ಒಳಗಿಂದ ಏನಾದರೂ ಒಂದು ಹೊರಗೆ ಬರುತ್ತಿತ್ತು.

ಕೊಡಂಬಲದಿಂದ ಒಬ್ಬ ಅತ್ತೆ ಸೊಸೆಯನ್ನು ಕರೆತಂದಿದ್ದಳು. ಪ್ರತಿ ಸಂತೆಯ ದಿನ ಸೊಸೆಯ ಮೈಮೇಲೆ ದೆವ್ವ ಬರುತ್ತಿತ್ತು. ಕೂದಲು ಬಿಚ್ಚಿ, ಗಡಿಗೆ ಒಡೆದು, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹಿಂದಿನ ದಿನ ಏನಾಗುತ್ತದೆ ಎಂದು ಉಸ್ತಾದರು ಕೇಳಿದರು. ಏನಿಲ್ಲ ಎಂದಳು ಅತ್ತೆ. ಚಹಾ ಬಂತು. ಆಮೇಲೆ, ಸಂತೆಗೆ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೋಗುತ್ತಾರೆ, ಅವರೆಲ್ಲರ ಬುತ್ತಿಗೆ ಹಿಂದಿನ ದಿನ ಸೊಸೆ ರೊಟ್ಟಿ ಬಡಿಯುತ್ತಾಳೆ, ಮನೆ ಕಾಯಲಿಕ್ಕೆ ಅವಳೊಬ್ಬಳು ಉಳಿಯುತ್ತಾಳೆ ಎಂದು ಗೊತ್ತಾಯಿತು. ಉಸ್ತಾದರು ಲೆಕ್ಕ ಹಾಕಿ ಗಾಳಿಯ ಕಾಗದ ಬರೆದರು.

“ಇದನ್ನ ಗಾಡಿ ನೊಗಕ್ಕ ಕಟ್ರಿ. ಕಾಗದ ಸಂತಿಗಿ ಹೋಗಿ ಬರಬೇಕು, ಆಕಿ ಅದರ ಕೂಡ ಗಾಡ್ಯಾಗ ಕುಂತಿರಬೇಕು. ಮೂರು ಸಂತಿ,” ಎಂದರು.

ಮೂರನೆಯ ಸಂತೆಗೆ ಆ ಹೆಣ್ಣುಮಗಳು ಬಳೆ ಇಟ್ಟುಕೊಂಡು ನಗುತ್ತಾ ಬಂದು ನಮಗೂ ಚುರುಮುರಿ ಕೊಟ್ಟುಹೋದಳು. ಅವಳು ಹೋದ ಮೇಲೆ, ಇದರಲ್ಲಿ ಲೆಕ್ಕಕ್ಕೇನು ಕೆಲಸ, ನೀವೇ ಬೇಕೆಂದು ಗಾಳಿ ಎಂದು ಹೇಳಿದಿರಿ ಅಲ್ಲವೇ ಎಂದು ಕೇಳಿದೆ. ಉಸ್ತಾದರು ಕಾಗದ ತೋರಿಸಿದರು. ಶೇಷ ನಿಜವಾಗಿಯೂ ಗಾಳಿಯೇ ಬಂದಿತ್ತು. “ನನಗೂ ತಿಳಿಯಂಗಿಲ್ಲ ಬೇಟಾ,” ಎಂದರು. ಅವತ್ತು ಹಿಡಿದ ಗೊಂದಲ ನನ್ನನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಬರೀ ಸುಳ್ಳು ಎಂದು ಗೊತ್ತಾಗಿದ್ದರೆ ಊರಿಗೆ ಹೋಗಿ ಬಟ್ಟೆ ಅಳೆಯುತ್ತಿದ್ದೆ. ಪೂರ್ತಿ ನಿಜ ಎಂದು ಗೊತ್ತಾಗಿದ್ದರೆ ನೆಮ್ಮದಿಯಾಗಿ ಗಡ್ಡ ಬಿಡುತ್ತಿದ್ದೆ. ಎರಡೂ ಆಗಲಿಲ್ಲ.

1948ರ ಮಳೆಗಾಲದ ಕೊನೆಗೆ ಸೈನ್ಯ ಬಂದು ನಿಜಾಮರ ರಾಜ್ಯ ಭಾರತಕ್ಕೆ ಸೇರಿತು. ಅದಕ್ಕೆ ಮೊದಲು, ಅದರ ನಂತರ ನಮ್ಮ ಸೀಮೆಯಲ್ಲಿ ಏನೇನಾಯಿತು ಎಂಬುದನ್ನು ಕಂಡವರು ಬಲ್ಲರು. ಹಿಂದೂ, ಮುಸಲ್ಮಾನ, ಎರಡೂ ಕಡೆಯವರು ತಮ್ಮವರನ್ನು ಕಳೆದುಕೊಂಡು ಅತ್ತರು. ನಾವು ಅದಕ್ಕೆಲ್ಲ ಸೇರಿಸಿ ಗದ್ದಲ ಎಂದು ಒಂದು ಹೆಸರಿಟ್ಟು ಸುಮ್ಮನಾದೆವು. ಉಸ್ತಾದರ ಮನೆಯ ಅರ್ಧ ಮಂದಿ ಹೈದರಾಬಾದಿಗೆ ಹೋದರು, ಉಸ್ತಾದರು ಹೋಗಲಿಲ್ಲ. ಕಚೇರಿಗಳಲ್ಲಿ ಉರ್ದು ಹೋಗತೊಡಗಿತು. ನನ್ನ ಗುಮಾಸ್ತಗಿರಿಯ ಆಸೆಯೂ ಅದರ ಜೊತೆಗೇ ಹೋಯಿತು. ಸರಕಾರಕ್ಕೆ ಬೇಡವಾದ ಅಕ್ಷರ ದೆವ್ವಗಳಿಗೆ ಇನ್ನೂ ಬೇಕಾಗಿತ್ತು. ಹಾಗಾಗಿ ನಾನು ಈ ದಾರಿಯಲ್ಲೇ ಉಳಿದೆ. ಇದನ್ನು ಆರಿಸಿಕೊಂಡೆ ಎಂದು ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಆ ಗದ್ದಲದಲ್ಲೇ ನಮ್ಮ ಅಕ್ಕ ಮಾತು ಬಿಟ್ಟಳು.

ಅಕ್ಕ ನಾಗಮ್ಮನನ್ನು ಕೊಟ್ಟಿದ್ದು ರಾಜೇಶ್ವರಕ್ಕೆ. ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ಹಾದಿಯಲ್ಲೇ ಇದೆ ಊರು. ನಾನು ಹೋಗುವಾಗ ಬರುವಾಗ ಅವಳ ಮನೆಯಲ್ಲಿ ಉಣ್ಣದೆ ಮುಂದೆ ಹೋದದ್ದಿಲ್ಲ. ಅವಳು ಎಂಥ ಮಾತುಗಾತಿ ಎಂದರೆ, ನೀರಿಗೆ ಹೋದವಳು ಕೊಡ ತುಂಬಿದ ಎರಡು ತಾಸಿನ ಮೇಲೆ ಮನೆ ಸೇರುತ್ತಿದ್ದಳು. ಅಂಥವಳು ಗದ್ದಲ ಮುಗಿದು ನಾನು ಹೋದಾಗ ತಾಟು ತಂದಿಟ್ಟು, ರೊಟ್ಟಿ ಹಾಕಿ, ಗೋಡೆಗೆ ಒರಗಿ ಕೂತಳು. ಒಂದು ಮಾತಿಲ್ಲ. ಕಿವಿ ಕೇಳುತ್ತಿತ್ತು, ಕೆಲಸ ಮಾಡುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅಂಜಿಕೆ ಹೊಕ್ಕಿದೆ ಎಂದರು ಕೆಲವರು. ಗಾಳಿ ಬಡಿದಿದೆ ಎಂದರು ಕೆಲವರು. ಎರಡು ದೇವರಿಗೆ ಹರಕೆ ಹೊತ್ತು, ಬೀದರಿಗೆ ಹೋಗಿ ಡಾಕ್ಟರಿಗೂ ತೋರಿಸಿದರು.

ನಾನು ಉಸ್ತಾದರ ಮುಂದೆ ಅತ್ತೆ. “ಕರ್ಕೊಂಡು ಬಾ. ನೋಡದ ಬರಿಯಂಗಿಲ್ಲ, ಕೇಳದ ಬರಿಯಂಗಿಲ್ಲ,” ಎಂದರು. ಆದರೆ ಉಸ್ತಾದರ ಹೆಸರು ಎತ್ತಿದ ಕೂಡಲೇ ಅಕ್ಕ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮುಸಲ್ಮಾನರೆಂದರೆ ಅಂಜುತ್ತಾಳೆ ಎಂದರು ಮನೆಯವರು. ನಾನೂ ಹಾಗೇ ತಿಳಿದೆ.

ಹಾಗಾದರೆ ನಾನೇ ಬರೆಯುತ್ತೇನೆ ಎಂದೆ. ಉಸ್ತಾದರು ಕೈ ಅಡ್ಡ ಮಾಡಿದರು. ಈ ವಿದ್ಯೆಗೆ ಗುರುವಿನ ಅಪ್ಪಣೆ ಬೇಕು. ಅದಕ್ಕೆ ಇಜಾಜತ್ ಎನ್ನುತ್ತಾರೆ. ಅದು ಇಲ್ಲದೆ ಬರೆದದ್ದು ಬರೀ ಕಾಗದ. ಇಜಾಜತ್ ಇದ್ದವರೂ ತಮ್ಮ ಮನೆಯವರಿಗೆ ಬರೆಯಬಾರದು. ಈ ಎರಡನೆಯ ನಿಯಮ ಯಾಕೆ ಎಂದು ಕೇಳಿದರೆ “ಸಬರ್ ಮಾಡು, ತಾಳ್ಮಿ ಇರಲಿ” ಎನ್ನುತ್ತಿದ್ದರು. ಆಗಲೇ ಅವರ ಕೈ ನಡುಗತೊಡಗಿತ್ತು, ಕಣ್ಣೂ ಮಸುಕು. ಅವರು ಬಾಯಲ್ಲಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ಅವರು ಕಾಗದದ ಮೇಲೆ ಊದಿ ಕೊಡುತ್ತಿದ್ದರು. ಕಲ್ಯಾಣದ ಅರ್ಧ ಊರಿನ ಕೊರಳಲ್ಲಿದ್ದದ್ದು ನನ್ನ ಅಕ್ಷರವೇ. ಆದರೂ ಇಜಾಜತ್ ಕೇಳಿದರೆ ಸಬರ್ ಮಾಡು.

ಹೀಗೆ ಒಂದು ವರ್ಷ ದಾಟಿತು. ಒಂದು ದಿನ ರಾಜೇಶ್ವರದಲ್ಲಿ ಉಂಡು ಕೈತೊಳೆಯುವಾಗ ಭಾವ ನನ್ನನ್ನು ಹೊಲದ ಕಡೆ ಕರೆದುಕೊಂಡು ಹೋದ. ಒಳ್ಳೆಯವನು, ನೆಲ ನೋಡುತ್ತಲೇ ಮಾತಾಡಿದ.

“ಈರಣ್ಣ, ನಮ್ಮವ್ವ ಕೇಳವಲ್ಲಳು. ಮೂಕಿ ಸೊಸಿ ಹ್ಯಾಂಗ ಅಂತಾಳ. ಉಗಾದಿ ತನಕ ನೋಡ್ತೀವಿ. ಆಮ್ಯಾಲ ನಿಮ್ಮ ಅಕ್ಕನ್ನ ಹುಮನಾಬಾದಿಗಿ ಕರ್ಕೊಂಡು ಹೋಗು. ನನಗ ಇನ್ನೊಂದು ಹೆಣ್ಣು ನೋಡಾಕತ್ತಾರ.”

ಉಗಾದಿಗೆ ಹದಿನೈದು ದಿನ ಉಳಿದಿತ್ತು. ನನಗೆ ಸಿಟ್ಟು, ದುಃಖ, ಅಂಜಿಕೆ ಎಲ್ಲ ಒಟ್ಟಿಗೆ ಬಂದವು. ಕಲ್ಯಾಣಕ್ಕೆ ಹೋಗಲಿಲ್ಲ. ಅಕ್ಕನ ಮನೆಯ ಪಡಸಾಲೆಯಲ್ಲೇ ಕೂತು ಅಪ್ಪಣೆಯಿಲ್ಲದೆ ಲೆಕ್ಕ ಹಾಕಿದೆ. ಅಕ್ಕನ ಹೆಸರು, ಅವ್ವನ ಹೆಸರು. ಶೇಷ ಮಣ್ಣು ಬಂತು. ಚೀಲದಲ್ಲಿದ್ದ ಅಳಲೆಕಾಯಿ ಮಸಿಯಿಂದ ಚೌಕ ತುಂಬಿದೆ. ಹೂಳಲು ಹೊಸ್ತಿಲ ಬಳಿ ಅಗೆಯುವಾಗ ಒಂದು ಅನುಮಾನ ಬಂತು, ಇನ್ನೊಮ್ಮೆ ಭಾಗಿಸಿದೆ. ನೀರು ಬಂತು. ಮತ್ತೊಮ್ಮೆ ಭಾಗಿಸಿದೆ, ಮಣ್ಣು. ನಾಲ್ಕನೆಯ ಸಲ ನೀರು. ಅಯ್ಯನವರು ಹೇಳಿದ್ದು ನಿಜವಾಗಿತ್ತು. ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಬೆವರು ಒರೆಸಿಕೊಂಡು, ಕೊನೆಗೆ ಬಂದದ್ದೇ ಸರಿ ಎಂದು ತೀರ್ಮಾನಿಸಿದೆ. ನೀರಿನ ಕಾಗದಕ್ಕೆ ಕೇಸರಿ ಬೇಕು, ಕೇಸರಿ ಕಲ್ಯಾಣದಲ್ಲಿತ್ತು. ಇದ್ದ ಕಾಗದವನ್ನೇ ಲೋಟದ ನೀರಿನಲ್ಲಿ ತೊಳೆದೆ. ನೀರು ಕಪ್ಪಾಯಿತು. ಅಕ್ಕನ ಕೈಗೆ ಕೊಟ್ಟು ಒಂದೇ ಗುಟುಕಿಗೆ ಕುಡಿ ಎಂದೆ. ಪಾಪ, ತಮ್ಮ ಕೊಟ್ಟನೆಂದು ಕುಡಿದಳು.

ಆಮೇಲೆ ಅವಳ ಮುಖ ಹಿಂಡಿಕೊಂಡಿತು. ಅಂಗಳಕ್ಕೆ ಓಡಿ ಉಗುಳಿದಳು.

“ಥೂ! ಏನ್ ಕುಡಿಸಿದ್ಯೋ ಬಾಡ್ಯಾ! ಕರುಳು ಕಿತ್ತು ಬಾಯಿಗಿ ಬಂತಲ್ಲೋ!”

ಅತ್ತೆಯ ಕೈಯಲ್ಲಿದ್ದ ಮೊರ ಬಿತ್ತು. ಭಾವ ದನದ ಕೊಟ್ಟಿಗೆಯಿಂದ ಓಡಿಬಂದ. ಅಕ್ಕ ತನ್ನ ದನಿ ತಾನೇ ಕೇಳಿ ಬೆಚ್ಚಿ ಬಾಯಿಗೆ ಸೆರಗು ಒತ್ತಿದಳು. ಆದರೆ ಆದದ್ದು ಆಗಿಹೋಗಿತ್ತು. ನೀರು ಕೇಳಿದಳು, ಬೆಲ್ಲ ಕೇಳಿದಳು, ನನ್ನನ್ನು ಇನ್ನೂ ನಾಲ್ಕು ಮಾತು ಬೈದಳು. ಅಷ್ಟು ಸಿಹಿಯಾದ ಬೈಗುಳ ನಾನು ಜೀವಮಾನದಲ್ಲಿ ಕೇಳಿಲ್ಲ. ನಾನು ಅಂಗಳದಲ್ಲಿ ಕೂತು ಗೊಳೋ ಎಂದು ಅತ್ತೆ.

ಒಂದು ವಾರದಲ್ಲಿ ಹುಮನಾಬಾದಿನಿಂದ ಕಲ್ಯಾಣದವರೆಗೆ ನನ್ನ ಹೆಸರು ಹಬ್ಬಿತು. ಮೂಕಿಗೆ ಮಾತು ಕೊಟ್ಟವನು ಎಂದು ಜನ ದಾರಿಯಲ್ಲಿ ನಿಲ್ಲಿಸಿ ಕಾಲು ಮುಟ್ಟತೊಡಗಿದರು. ‘ಆ ಕರಿ ನೀರೇ ಕೊಡ್ರಿ’ ಎಂದು ಕೇಳುವವರು. ನನಗೆ ತಲೆ ತಿರುಗಿತು ಎಂದರೆ ಸುಳ್ಳಲ್ಲ. ಗೊಂದಲವೂ ಇತ್ತು, ಹೆಮ್ಮೆಯೂ ಇತ್ತು. ಹೆಮ್ಮೆಯೇ ತುಸು ಹೆಚ್ಚು. ಆ ಹೆಮ್ಮೆಯಲ್ಲೇ ಉಸ್ತಾದರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ.

“ಬಾಯಿ ಮುಚ್ಚಿದ ದಿನದ ಹಿಂದಿನ ದಿನ ಏನಾಗಿತ್ತು?” ಎಂದರು.

“ನಾ ಕೇಳಿಲ್ರಿ.”

“ಯಾಕ?”

“ನಮ್ಮ ಅಕ್ಕರಿ. ಆಕಿದು ನನಗ ಗೊತ್ತಿಲ್ಲದ್ದು ಏನದರಿ?”

“ಅದಕ್ಕ ಹೇಳಿದ್ದೆ, ಮನಿಯವರಿಗಿ ಬರಿಬ್ಯಾಡ ಅಂತ,” ಎಂದು ಉಸ್ತಾದರು ನಿಟ್ಟುಸಿರು ಬಿಟ್ಟರು. “ಮನಿಯವರನ್ನ ಯಾರೂ ಕೇಳಂಗಿಲ್ಲ. ಗೊತ್ತದ ಅಂತ ತಿಳ್ಕೋತಾರ. ಹೋಗಿ ಕೇಳು.”

ಹೋದೆ. ಅಕ್ಕ ಹೊಲದ ಬದುವಿನಲ್ಲಿ ತೊಗರಿ ಕಟ್ಟಿಗೆ ಕಟ್ಟುತ್ತಿದ್ದಳು. ನಾನು ಎರಡನೆಯ ಪ್ರಶ್ನೆ ಕೇಳಿದೆ. “ಏನಿಲ್ಲೋ,” ಎಂದಳು. ಚಹಾ ಇರಲಿಲ್ಲ. ಅವಳ ಜೊತೆ ಕೂತು ಕಟ್ಟಿಗೆ ಕಟ್ಟಿದೆ. ನಾಲ್ಕನೆಯ ಹೊರೆ ಕಟ್ಟುವಾಗ ಹೇಳಿದಳು.

ಅವರ ಪಕ್ಕದ ಮನೆಯಲ್ಲಿ ಹತ್ತಿ ಪಿಂಜುವ ಲಾಲಸಾಬ ಎಂಬ ಮುದುಕನಿದ್ದ. ಹೆಂಡತಿ ತೀರಿದ್ದಳು, ಮಕ್ಕಳಿಲ್ಲ. ಎಷ್ಟೋ ವರ್ಷದ ಹಿಂದೆ ಎಲ್ಲಿಂದಲೋ ಬಂದು ನೆಲೆಸಿದವನು. ಅಕ್ಕನ ಮದುವೆಯ ಗಾದಿಗೆ ಹತ್ತಿ ಪಿಂಜಿದವನು ಅವನೇ. ಅವನ ಬಿಲ್ಲಿನ ಟಂಯ್ ಟಂಯ್ ಸದ್ದು ನಾನೂ ಉಣ್ಣುವಾಗ ಕೇಳುತ್ತಿದ್ದೆ. ಆ ಸದ್ದು ಈಗ ಇಲ್ಲ ಎಂಬುದು ಆವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

“ಗದ್ದಲದಾಗ ಒಂದು ಮುಂಜಾನಿ ಕಾಕಾ ಗಂಟು ಕಟ್ಕೊಂಡು ಹಳ್ಳದ ದಾರಿ ಹಿಡದು ಹೋದ. ಹೋಗ್ತೀನಿ ಅವ್ವಾ ಅಂದ. ಹೋಗಿ ಬಾ ಕಾಕಾ ಅಂದೆ. ಆಮ್ಯಾಲ ನಾಕು ಮಂದಿ ಬಂದ್ರು. ಗುರುತಿನವರಲ್ಲ. ಪಿಂಜಾರ ಮುದುಕ ಎತ್ಲಾಗ ಹೋದ ತಂಗಿ ಅಂದ್ರು. ಕೆಲಸಕ್ಕ ಕರಿಯಾಕ ಬಂದಾರ ಅಂತ ತಿಳದೆ ತಮ್ಮಾ, ಹತ್ತಿ ಇರಬೇಕು ಅಂತ ತಿಳದೆ. ಹಳ್ಳದ ಕಡಿ ಅಂತ ಕೈ ಮಾಡಿ ತೋರ್ಸಿದೆ. ಅವರ ಕೈಯಾಗ ಏನಿತ್ತು ಅಂತ ಹೊಂಟ ಮ್ಯಾಲ ನೋಡಿದೆ.”

ಅವಳು ಹಗ್ಗದ ಗಂಟು ಬಿಗಿದಳು.

“ಮರುದಿನದಿಂದ ಬಾಯಿ ತೆಗದ್ರ ಆ ಮಾತೇ ಬರ್ತದೇನೋ ಅಂತ ಅಂಜಿಕಿ. ನಿಮ್ಮ ಉಸ್ತಾದರ ಮುಂದ ಹ್ಯಾಂಗ ಕುಂದರಲಿ? ಯಾವ ಮಕ ಹೊತ್ತು ಕುಂದರಲಿ?”

ಲಾಲಸಾಬ ಮುಂದೆ ಏನಾದನೋ ಯಾರಿಗೂ ಗೊತ್ತಿರಲಿಲ್ಲ. ಹಳ್ಳದಲ್ಲಿ ಏನೂ ಸಿಕ್ಕಿರಲಿಲ್ಲ. ತಪ್ಪಿಸಿಕೊಂಡು ತನ್ನವರ ಊರು ಸೇರಿರಬಹುದು, ಇಲ್ಲದೆಯೂ ಇರಬಹುದು. ಅವನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅಕ್ಕ ನನ್ನ ಕೈ ಹಿಡಿದಳು.

“ಎಲ್ಲಾರಿಗೂ ಲೆಕ್ಕ ಹಾಕಿ ಹೇಳ್ತೀ ಅಲ್ಲ. ಕಾಕಾ ಬದುಕ್ಯಾನೋ ಇಲ್ಲೋ, ಅದೊಂದು ಹೇಳು. ಮಾತು ಬಂತು ಅಂತ ನೀವೆಲ್ಲ ಕುಣಿದ್ರಿ. ನನಗ ಮಾತು ಬೇಕಾಗಿರಲಿಲ್ಲೋ, ಇದು ಬೇಕಾಗಿತ್ತು.”

ಮೂಕಿಗೆ ಮಾತು ಕೊಟ್ಟವನ ಹೆಮ್ಮೆ ಅಲ್ಲೇ ಬದುವಿನ ಮೇಲೆ ಇಳಿದುಹೋಯಿತು. ಎರಡೂವರೆ ವರ್ಷ ಓದಿದ ನಕ್ಷತ್ರ, ತಿಂಗಳು, ಅಕ್ಷರ, ಮಸಿ ಎಲ್ಲ ನೆನಪಿಗೆ ತಂದುಕೊಂಡೆ. ಯಾವುದೂ ಅವಳ ಪ್ರಶ್ನೆಗೆ ಸಾಲುತ್ತಿರಲಿಲ್ಲ. ಸೀದಾ ಕಲ್ಯಾಣಕ್ಕೆ ನಡೆದೆ.

ಉಸ್ತಾದರಿಗೆ ಇದನ್ನು ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಒದ್ದಾಡಿದೆ. ಅವರೂ ಆ ದಿನಗಳಲ್ಲಿ ತಮ್ಮವರನ್ನು ಕಳೆದುಕೊಂಡವರು. ಕೊನೆಗೆ ಏನೂ ಮುಚ್ಚಿಡದೆ ಹೇಳಿದೆ. ಅವರ ಕೈಯಲ್ಲಿ ಜಪಮಣಿ ಹಾಗೇ ನಿಂತಿತ್ತು.

“ಕೇಳಿದವರು ಯಾರು ಅಂತ ಆಕಿಗಿ ಗೊತ್ತಿತ್ತೇನು?” ಎಂದರು ಆಮೇಲೆ.

“ಇಲ್ರಿ.”

“ಅಂದ್ರ ಆಕಿ ದಾರಿ ಹೇಳ್ಯಾಳ. ಅಷ್ಟ.” ಇಷ್ಟು ಹೇಳುವುದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ನೋಡಿದೆ. “ಬರಿ. ಹೆಸರು ಲಾಲಸಾಬ. ತಾಯಿ ಹೆಸರು?”

“ಯಾರಿಗೂ ಗೊತ್ತಿಲ್ರಿ.”

“ತಾಯಿ ಹೆಸರು ಗೊತ್ತಿಲ್ಲಂದ್ರ ಹವ್ವಾ ಅಂತ ಹಾಕಬೇಕು. ಲೋಕದ ಮೊದಲನೇ ಹೆಣ್ಣು, ಎಲ್ಲಾರ ತಾಯಿ ಆಕಿ. ನಿಮ್ಮ ಅಕ್ಕಗೂ, ಆ ಮುದುಕಗೂ, ಆ ನಾಕು ಮಂದಿಗೂ.”

“ಉಸ್ತಾದ್ರೀ, ನನಗ ಇಜಾಜತ್ ಇಲ್ರಿ.”

“ಕೊಟ್ಟೀನಿ, ಬರಿ.”

ಆ ಒಂದು ಕಾಗದಕ್ಕೆ ಕೊಟ್ಟರೋ, ಮುಂದಿನ ಎಲ್ಲಕ್ಕೂ ಕೊಟ್ಟರೋ, ನಾನು ಕೇಳಲಿಲ್ಲ. ಆ ವರ್ಷ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅರವತ್ತು ವರ್ಷ ನಾನು ಬರೆದದ್ದೆಲ್ಲ ಆ ಒಂದು ಮಾತಿನ ಮೇಲೆ. ಈಗ ನನ್ನ ಹತ್ತಿರ ಇಜಾಜತ್ ಕೇಳಲು ಬರುವವರು ಇದನ್ನು ತಿಳಿದಿರಲಿ.

ಲೆಕ್ಕ ಹಾಕಿದೆ. ಕೂಡಿಸಿದೆ, ನಾಲ್ಕರಿಂದ ಭಾಗಿಸಿದೆ. ಶೇಷ ಏನೆಂದು ಉಸ್ತಾದರು ಕೇಳಿದರು. ಮಣ್ಣು ಎಂದೆ. ಅವರ ಕಣ್ಣಿಗೆ ಅಂಕಿ ಕಾಣುತ್ತಿರಲಿಲ್ಲ, ತಾಳೆ ನೋಡುವವರು ಇನ್ನಾರೂ ಇರಲಿಲ್ಲ. ಶೇಷ ಕಾಗದವನ್ನು ಏನು ಮಾಡಬೇಕೆಂದು ಹೇಳುತ್ತದೆಯೇ ಹೊರತು, ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ಎಂದು ಹೇಳುವುದಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಉಸ್ತಾದರು ಕಾಗದದ ಮೇಲೆ ಊದಿ ಮಡಚಿ ಕೊಟ್ಟರು. “ಆಕೀನೇ ಹೂಳಬೇಕು,” ಎಂದರು.

ಮಣ್ಣು ಬಂದಿದೆ, ನೀನೇ ಹೂಳಬೇಕಂತೆ ಎಂದಾಗ ಅಕ್ಕ ಕಾಗದ ತೆಗೆದುಕೊಂಡಳು. ಹಳ್ಳದ ದಾರಿಯಲ್ಲಿ, ತಾನು ಅವತ್ತು ಕೈಮಾಡಿ ತೋರಿಸಿದ ಕಡೆ ನಡೆದಳು. ಬೇವಿನ ಬುಡದಲ್ಲಿ ಕುಡುಗೋಲಿನಿಂದ ಅಗೆದು, ಕಾಗದ ಇಟ್ಟು, ಎರಡೂ ಕೈಯಲ್ಲಿ ಮಣ್ಣು ಎಳೆದಳು. “ಕಾಕಾ, ಹೋಗಿ ಬಾ ಅಂದಿದ್ದೆ. ನೀ ಬರಲಿಲ್ಲ,” ಎಂದು ಹೇಳಿ, ಅಲ್ಲೇ ಕೂತು, ಎದೆ ಒಡೆಯುವಂತೆ ಅತ್ತಳು. ಅದು ಸತ್ತವರಿಗೆ ಅಳುವ ಅಳು. ನಾನು ಅವಳನ್ನು ತಡೆಯಲಿಲ್ಲ. ಹೊತ್ತು ಇಳಿದ ಮೇಲೆ ಮುಖ ತೊಳೆದುಕೊಂಡು ಮನೆಗೆ ಬಂದು ಅತ್ತೆಯ ಜೊತೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ಆಡಿದಳು. ಆಮೇಲೆ ಐವತ್ತು ವರ್ಷ ಮಾತಾಡಿದಳು. ನೀರಿಗೆ ಹೋದರೆ ಮತ್ತೆ ಎರಡು ತಾಸು. ಉಗಾದಿ ಬಂತು, ಹೋಯಿತು. ಇನ್ನೊಂದು ಹೆಣ್ಣಿನ ಮಾತು ಯಾರೂ ಎತ್ತಲಿಲ್ಲ.

ಅವಳಿಗೆ ಮಾತು ಕೊಟ್ಟದ್ದು ಅಳಲೆಕಾಯಿಯೋ, ಅಂಕಿಯೋ, ನನ್ನ ತಪ್ಪೋ? ಅವಳನ್ನು ಉಳಿಸಿದ್ದು ಕಾಗದವೋ, ಉಸ್ತಾದರು ನನ್ನಿಂದ ಕೇಳಿಸಿದ ಪ್ರಶ್ನೆಯೋ? ಗೊತ್ತಿಲ್ಲ ಎಂದು ಮೊದಲೇ ಹೇಳಿದ್ದೇನೆ. ಏನೇನು ಓದಬೇಕು ಎಂದು ಕೇಳುವವರಿಗೆ ನಾನು ಕೊಡಬಲ್ಲದ್ದು ಆ ಎರಡು ಪ್ರಶ್ನೆಗಳನ್ನು ಮಾತ್ರ. ಅವನ್ನು ಮನೆಯವರಿಗೂ ಕೇಳಿ.

ಉಸ್ತಾದರ ಮುಂದೆ ನಾನು ಲೆಕ್ಕ ಹಾಕಿದ ಚೀಟಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ನನ್ನ ಭಾಗಾಕಾರ ಎಂಥದೆಂದು ನಿಮಗೆ ಗೊತ್ತಾಗಿದೆ. ಅಕ್ಕ ಇರುವಷ್ಟು ದಿನ ನಾನು ಆ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡಲಿಲ್ಲ, ಅವಳು ಹೋದ ಮೇಲೂ ನೋಡಿಲ್ಲ. ಈಗ ಹೆಸರು ಒತ್ತಿದರೆ ಮೊಬೈಲೇ ಶೇಷ ಹೇಳುತ್ತದಂತೆ. ಅವನ ಹೆಸರು ಲಾಲಸಾಬ, ತಾಯಿಯ ಹೆಸರು ಹವ್ವಾ ಎಂದು ನಾನೇ ಮೇಲೆ ಬರೆದಿದ್ದೇನೆ. ದಯವಿಟ್ಟು ಯಾರೂ ಹಾಕಿ ನೋಡಬೇಡಿ.